ಬೆಟ್ಟಮ್ಮ ಒಪ್ಪಿದ ರಾಜ್ಯ

ಬಿಸಿಲು ಲ್ಯಾಪ್‌ಟಾಪಿನ ಮೇಲೆ ಬಿದ್ದು ಆಟದ ನಕ್ಷೆಯ ಸಮುದ್ರವೇ ಕಾಣುತ್ತಿಲ್ಲ, ಎದ್ದು ಕಿಟಕಿ ಹಾಕಲೇ, ಬೇಡ, ಎದ್ದರೆ ಇವಳ ಕೈ ಯಾರು ನೋಡುತ್ತಾರೆ — ನನ್ನ ಹೆಂಡತಿ ಬೆಟ್ಟಮ್ಮನ ಬಲಗೈ ಮೌಸಿನ ಮೇಲೆ ಇಟ್ಟ ಹಾಗೇ ಇದೆ, ಲಕ್ವ ಹೊಡೆದ ಮೇಲೆ ಒಂದು ಬೆರಳೂ ಮಾತು ಕೇಳುತ್ತಿಲ್ಲ, ಹಾಸನದ ಫಿಸಿಯೋಥೆರಪಿ ಹುಡುಗಿ ಹೇಳಿದ್ದು, ಬೆರಳಿಗೆ ಆಸೆ ಹುಟ್ಟಿಸ್ಬೇಕು ಸಾರ್, ಈಗ ತಿರುಗಿಕೊಂಡ್ರೆ ಉಂಟು, ತಡ ಆದ್ರೆ ಕಷ್ಟ, ಅದಕ್ಕೇ ಮಗಳು ಸಿಂಧು ತಾನು ಆಡುವ ಆಟ ಹಾಕಿದ್ದಾಳೆ, ಹಳೇ ಕಾಲದ ರಾಜರ ಆಟ, ಮೊದಲು ಒಂದು ರಾಜ್ಯ ಆರಿಸಬೇಕಂತೆ, ಆಮೇಲೆ ಎಷ್ಟು ಕಷ್ಟ ಬೇಕು ಅನ್ನುವುದನ್ನೂ ನಾವೇ ಹೇಳಬೇಕಂತೆ, ನಮ್ಮನ್ನು ಯಾರು ಕೇಳಿ ಕೊಟ್ಟರು ಕಷ್ಟವನ್ನು — ಅವ್ವ, ಹೊಸಬರಿಗೆ ಈ ಕರಾವಳಿ ರಾಜ್ಯ ಒಳ್ಳೇದು, ಅನ್ನುತ್ತಾಳೆ ಸಿಂಧು, ಎರಡು ಕಡೆ ಸಮುದ್ರ, ಒಂದು ಕಡೆ ಬೆಟ್ಟ, ಯಾರೂ ನುಗ್ಗಲ್ಲ, ಇವಳು ಆ ರಾಜ್ಯವನ್ನೇ ದಿಟ್ಟಿಸುತ್ತಾಳೆ, ಈ ನೋಟ ನನಗೆ ಗೊತ್ತು, ಬಾಗೂರಿನಲ್ಲಿ ನೆಂಟರ ಹುಡುಗಿಗೆಂದು ಗಂಡಿನ ಮನೆ ನೋಡಲು ಹೋದಾಗ ನಾವು ಗಂಡಸರು ಜಗಲಿಯಲ್ಲಿ ಕಾಫಿ ಕುಡಿದು ಒಪ್ಪಿಗೆ ಅಂದುಬಿಟ್ಟಿದ್ದೆವು, ಇವಳು ಸೀದಾ ಹಿತ್ತಲಿಗೆ ಹೋಗಿ, ನೀರಿನ ತೊಟ್ಟಿ ನೋಡಿ, ಪಕ್ಕದ ಮನೆಯವಳ ಹತ್ತಿರ ಎರಡು ಮಾತಾಡಿ ಬಂದು ನನ್ನ ಕಿವಿಯಲ್ಲಿ, ಈ ಮನೇಲಿ ಅತ್ತೇನೇ ಎಲ್ಲಾ ಮಾಡ್ತಾಳಂತೆ, ಹುಡ್ಗಿ ಒಲೆ ಮುಟ್ಟಂಗಿಲ್ವಂತೆ, ಸಾಯೋಗಂಟ ನೆಂಟಳಾಗೇ ಇರ್ತಾಳೆ ಕಣ್ರೀ, ಬ್ಯಾಡ — ಎಂಥ ಕಣ್ಣು ಇವಳದು, ಆಮೇಲೆ ಊರಲ್ಲಿ ಯಾರ ಮನೆ ಸಂಬಂಧವಾದರೂ ಇವಳು ಹಿತ್ತಲು ನೋಡಿಬರದೆ ತಾಂಬೂಲ ಬದಲಾಯಿಸುತ್ತಿರಲಿಲ್ಲ.

ಸುಲಭ ಅಂತ ಇಡವ್ವ ಸಿಂಧು, ನಾನೇ ಅಂದೆ, ಮೊದಲ್ನೇ ದಿನವೇ ನಿಮ್ಮವ್ವ ಸೋಲೋದು ಬ್ಯಾಡ, ಸಿಂಧುವೂ ತಲೆಯಾಡಿಸಿದಳು, ಸುಲಭ ಇಟ್ರೆ ಕಂದಾಯ, ಕಣಜ, ಕಾವಲು ಎಲ್ಲಾ ಕಂಪ್ಯೂಟರೇ ನೋಡ್ಕೊಳುತ್ತೆ, ಅವ್ವ ಸುಮ್ನೆ ಕೂತಿದ್ರೆ ಸಾಕು, ಬೆಟ್ಟಮ್ಮ ನಿಧಾನಕ್ಕೆ ನನ್ನ ಕಡೆ ತಿರುಗಿದಳು, ಮಾತು ತೊದಲಿದರೂ ಮೊನಚು ಹೋಗಿಲ್ಲ, ಅಂಗಾದ್ರೆ ಅದು ನಿಮ್ಮಪ್ಪನೇ ಕಣವ್ವ — ಸಿಂಧು ನಕ್ಕಳು, ನಾನೂ ನಕ್ಕೆ, ನಗುತ್ತಲೇ ಲೆಕ್ಕ ಹಾಕಿದೆ, ಈಗ ಮಧ್ಯಾಹ್ನ ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಟ್ಟವನು ನಾನು, ತಲೆ ಬಾಚಿದವನು ನಾನು, ಸೆರಗು ಸರಿಮಾಡುವುದಕ್ಕೂ ಆ ಕೈಗೆ ಬಿಟ್ಟಿಲ್ಲ, ಪ್ರೀತಿಯಿಂದಲೇ ಮಾಡಿದ್ದು, ಅದು ಗೊತ್ತಿದ್ದೇ ಇಷ್ಟು ದಿನ ಬಾಯಿ ಮುಚ್ಚಿಕೊಂಡು ತಿಂದಳಲ್ಲ ಮಹಾತಾಯಿ — ಆ ಬಯಲಲ್ಲಿ ಸಣ್ಣದೈತಲ್ಲ, ಅದ್ಯಾರ್ದು, ಕೇಳುತ್ತಿದ್ದಾಳೆ, ಪಾಳೇಗಾರರದು ಅವ್ವ, ಸುತ್ತಲೂ ಶತ್ರುಗಳು, ಹೊಸಬರು ಯಾರೂ ತಗೊಳಲ್ಲ, ಅನ್ನುತ್ತಾಳೆ ಸಿಂಧು, ಕೆರೆ ಐತಲ್ಲ, ಮಾಡಾಕೆ ಕೆಲ್ಸಾನೂ ಐತೆ, ಅದೇ ಇರ್ಲಿ, ಅಂದಳು ಇವಳು, ಹಾಗಾದ್ರೆ ಕಠಿಣಾನೇ ಇಡ್ಲಾ ಅವ್ವ, ಅಂದರೆ, ಅಷ್ಟು ಜಂಬ ಬ್ಯಾಡ, ನಡುವಿಂದು ಇಡು — ನೋಡಿ ಇವಳ ಅಂದಾಜು, ಹುಂಬತನವೂ ಇಲ್ಲ, ಹೆದರಿಕೆಯೂ ಇಲ್ಲ, ಇವಳನ್ನು ಕಟ್ಟಿಕೊಂಡ ನಾನೇ ಪುಣ್ಯವಂತ, ಎಡಗೈಯಿಂದ ಬಲಗೈಯನ್ನು ಒಂದಿಷ್ಟು ತಳ್ಳಿದಳು, ಪರದೆಯ ಮೇಲಿನ ಮೌಸಿನ ಬಾಣ 'ಆರಂಭಿಸು' ಅನ್ನುವುದರ ಮೇಲೆ ಬಂದು ನಿಂತಿತು, ಇನ್ನು ಒತ್ತುವುದೊಂದೇ, ತೋರುಬೆರಳು ಅಲ್ಲಾಡಲಿಲ್ಲ, ನನ್ನ ಕೈ ತಾನಾಗಿ ಅದರ ಮೇಲೆ ಹೋಯಿತು, ಕೈ ತೆಗೀರಿ, ಅಂದಳು, ತೆಗೆದೆ, ತೊಡೆಯ ಕೆಳಗಿಟ್ಟು ಕೂತುಬಿಟ್ಟೆ, ಬೆರಳು, ಬುಡದಲ್ಲಿ ಸಣ್ಣಗೆ ನಡುಗುತ್ತಿದೆ, ಒಂದೇ ಒಂದು ಸಲ ಒತ್ತಿಬಿಡಲೇ, ಯಾರಿಗೆ ಗೊತ್ತಾಗುತ್ತೆ, ಅವಳಿಗೆ ಗೊತ್ತಾಗುತ್ತೆ, ಹಣೆಯಲ್ಲಿ ಬೆವರು, ಒರೆಸಲೇ, ಒರೆಸುವುದಿಲ್ಲ, ಬೆರಳು, ಬಾಗಿತೇ, ಬಾಗಿತು, ಉಗುರಿನ ತುದಿ ಬೆಳ್ಳಗಾಗುತ್ತಿದೆ, ಬೆರಳು, ಅವಳದೇ ಬೆರಳು