ಕೇಳುವ ಮೊದಲೇ ಒಪ್ಪಿಕೊಂಡವಳು

ಗಂಗೆಯ ದಡದ ಹನುಮಾನ್ ಘಾಟಿನಲ್ಲಿ ಕಾಶಮ್ಮನ ಅಡುಗೆಗೆ ಹೆಸರಿಟ್ಟವರಿಲ್ಲ, ಅವಳ ಸಿಟ್ಟಿಗೆ ಹೆದರದವರೂ ಇಲ್ಲ. ಕರ್ನಾಟಕದ ಯಾತ್ರಿಕರು ಇಳಿದುಕೊಳ್ಳುವ ವಸತಿಗೃಹದಲ್ಲಿ ಅವಳು ಅಡುಗೆಯವಳು, ಮಗಳು ವರ್ಷಿಣಿ ಆಫೀಸಿನಲ್ಲಿ. ತಂದೆಯಿಲ್ಲದ ಮಗಳನ್ನು ಶಿಸ್ತಿನಲ್ಲಿ ಬೆಳೆಸಿದ್ದೇನೆಂದು ಕಾಶಮ್ಮನಿಗೆ ಬಲು ಹೆಮ್ಮೆ. ಏನು ಶಿಸ್ತೋ! ಹಾಲು ಉಕ್ಕಿದರೂ, ಬೆಕ್ಕು ಮೊಸರಿಗೆ ಬಾಯಿ ಹಾಕಿದರೂ ಸೌಟು ಬೀಳುತ್ತಿದ್ದುದು ಮಗಳ ಬೆನ್ನಿಗೆ. 'ತಪ್ಪಾಯ್ತು' ಎಂದ ಮೇಲೆಯೇ ಆ ಕೈ ನಿಲ್ಲುತ್ತಿತ್ತು.

ಅಂದು ಬೆಳಿಗ್ಗೆ, ಅಸ್ಥಿ ಬಿಡಲು ಬಂದು ಅಲ್ಲಿ ಇಳಿದುಕೊಂಡಿದ್ದ ಪದ್ಮನಾಭರಾಯರು ಸ್ನಾನ ಮುಗಿಸಿ ಬಂದು ನೋಡಿದರೆ, ಅಂಗಳದ ಬೇವಿನ ಕೊಂಬೆಗೆ ಕಟ್ಟಿದ್ದ ಹೆಂಡತಿಯ ಅಸ್ಥಿಯ ಕುಡಿಕೆ ಇರಲಿಲ್ಲ. ಬೇರೆಯವರ ಕುಡಿಕೆ ನೇತಾಡುತ್ತಿತ್ತು. ಅವರು ರಾಯರದನ್ನೇ ತಮ್ಮದೆಂದು ಒಯ್ದು, ಗಂಗೆಯಲ್ಲಿ ಬಿಟ್ಟು, ರೈಲು ಹತ್ತಿಯಾಗಿತ್ತು.

"ನಲವತ್ತು ವರ್ಷ ಬಾಳಿದವಳನ್ನ ಯಾರೋ ಬಿಟ್ಟು ಹೋದ್ರಲ್ಲ," ಎಂದು ರಾಯರು ಮೆಟ್ಟಿಲ ಮೇಲೆ ಕುಸಿದರು. ಆಮೇಲೆ ದನಿ ಏರಿತು. "ಯಾರು ಬಿಚ್ಚಿ ಕೊಟ್ಟಿದ್ದು?"

ಕೊಟ್ಟವನು ಮ್ಯಾನೇಜರ್ ಪ್ರಭಾಕರ. ಅಡುಗೆಮನೆಯ ಕಿಟಕಿಯಿಂದ ಕಾಶಮ್ಮ ಕಣ್ಣಾರೆ ಕಂಡಿದ್ದಳು. ವರ್ಷಿಣಿ ಆಗ ತರಕಾರಿ ತರಲು ಸಬ್ಜಿ ಮಂಡಿಗೆ ಹೋಗಿದ್ದಳು. ಆದರೂ ರಾಯರು ಕೂಗಿದ್ದೇ ತಡ, ಆಗಷ್ಟೇ ಹಿಂತಿರುಗಿದ್ದ ಅವಳು ತಲೆ ತಗ್ಗಿಸಿ, "ತಪ್ಪಾಯ್ತು," ಎಂದುಬಿಟ್ಟಳು.

ಪ್ರಭಾಕರನಿಗೆ ಅಷ್ಟೇ ಸಾಕಿತ್ತು. "ನಾಳೆಯಿಂದ ಬರಬೇಡ," ಎಂದ.

ಕಾಶಮ್ಮ ಓಡಿಬಂದಳು. "ಅವಳಲ್ಲ, ನೀವು ಕೊಟ್ಟಿದ್ದು. ನಾನೇ ನೋಡಿದೀನಿ."

"ಅವಳೇ ಒಪ್ಕೊಂಡಿದಾಳಲ್ಲ ಕಾಶಮ್ಮ. ಹೆತ್ತ ಕರುಳು, ನೀವು ಹಾಗನ್ನೋದು ಸಹಜ."

ಅವಳು ಮಗಳ ತೋಳು ಹಿಡಿದು ಒಳಗೆ ಎಳೆದೊಯ್ದಳು. "ನಾನಲ್ಲ ಅಂತ ಹೋಗಿ ಹೇಳೇ. ಕೆಲಸ ಹೋದ್ರೆ ಹೋಗ್ಲಿ, ಆ ಮುದುಕರು ಸಾಯೋವರೆಗೂ ನಿನ್ನನ್ನ ಶಪಿಸ್ತಾರೆ."

"ನಾನಲ್ಲ ಅಂದ್ರೆ ಇನ್ನೂ ಜಾಸ್ತಿ ಬೀಳುತ್ತಲ್ಲಮ್ಮ," ಎಂದಳು ಇಪ್ಪತ್ನಾಲ್ಕರ ಹುಡುಗಿ. ಹೇಳಿದ ರೀತಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

ಕಾಶಮ್ಮ ಮಗಳ ತೋಳು ಬಿಟ್ಟಳು. ನೆಟ್ಟಗೆ ಅಂಗಳಕ್ಕೆ ಹೋದಳು, ರಾಯರ ಕಾಲ ಬಳಿ ಕೂತಳು. ಅಷ್ಟು ವರ್ಷದ ಹೆಮ್ಮೆಯನ್ನೆಲ್ಲ ಅಲ್ಲೇ ಮಣ್ಣುಪಾಲು ಮಾಡಿ, ಅಳುತ್ತಲೇ ಹೇಳಿದಳು: "ಸುಮ್ಸುಮ್ನೆ ಹೊಡೆದು ಹೊಡೆದು 'ತಪ್ಪಾಯ್ತು' ಅನ್ನೋದನ್ನ ಕಲಿಸಿದವಳು ನಾನು, ರಾಯರೇ. ಅವಳದೇನೂ ತಪ್ಪಿಲ್ಲ."

ರಾಯರು ತಲೆಯೆತ್ತಿ, ಬಾಗಿಲಲ್ಲಿ ನಿಂತಿದ್ದ ವರ್ಷಿಣಿಯನ್ನು ನೋಡಿದರು. "ನಿಜಾನೇನಮ್ಮ?"

ನೆರೆದವರೆಲ್ಲ ತಾಯಿಯನ್ನು ದುರುಗುಟ್ಟಿ ನೋಡುತ್ತಿದ್ದುದು ಅವಳಿಗೆ ಕಂಡಿತು.

"ಇಲ್ಲ," ಎಂದಳು ವರ್ಷಿಣಿ. "ಅಮ್ಮ ನನ್ನನ್ನ ಯಾವತ್ತೂ ಹೊಡೆದಿಲ್ಲ."