ಬೆಳ್ಳಮ್ಮನ ಎಡೆಯೂ ಅಳಿಯನ ಪುಸ್ತಕಗಳೂ

ಬೆಳ್ಳಮ್ಮ ತೀರಿಕೊಂಡು ವರ್ಷ ತುಂಬಿತು. ತಿಥಿಯ ದಿನ ಹಿತ್ತಲ ಗೋಡೆಯ ಮೇಲೆ ಎಡೆಯಿಟ್ಟು ಅವಳ ಗಂಡ ಕಾಳಯ್ಯ ಕೈಮುಗಿದು ನಿಂತಿದ್ದ. ಕಾಗೆ ಎದುರಿನ ನುಗ್ಗೆಮರದಲ್ಲಿ ಕೂತು ಎಡೆಯನ್ನೇ ನೋಡುತ್ತಿತ್ತೇ ಹೊರತು ಇಳಿಯಲಿಲ್ಲ. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ. ಅದು ಮುಟ್ಟುವ ತನಕ ಮನೆಯವರಾಗಲಿ ನೆಂಟರಾಗಲಿ ಊಟಕ್ಕೆ ಕೂರುವಂತಿಲ್ಲ.

ಕೊಣನೂರಿನ ಸುತ್ತಮುತ್ತ ಕಾಳಯ್ಯನ ಭಕ್ತಿಗೆ ಹೆಸರು. ಧರ್ಮಸ್ಥಳಕ್ಕೆ ನಡೆದು ಹೋಗಿ ಬಂದಂದಿನಿಂದ ಈರುಳ್ಳಿ ಬೆಳ್ಳುಳ್ಳಿ ಬಿಟ್ಟಿದ್ದ, ಹೋಟೆಲಿನ ತಿಂಡಿ ಬಿಟ್ಟಿದ್ದ. ಅವನು ಬಿಟ್ಟದ್ದನ್ನೆಲ್ಲ ಮನೆಯೂ ಬಿಟ್ಟಿತ್ತು. ಹೆಂಡತಿ ಹೋದ ಮೇಲೆ ಅವನು ದೇವರಲ್ಲಿ ಬೇಡಿದ್ದು ಒಂದೇ: ಅವಳು ತೃಪ್ತಿಯಿಂದ ಹೋದಳೆಂದು ತನಗೆ ಗೊತ್ತಾಗಬೇಕು.

‘ಭಾವ, ಒಸಿ ಗಟ್ಟಿಯಾಗಿ ಕರೀರಿ. ಕಾಗೆಗೆ ಕಿವಿ ಮಂದ ಇರ್ಬೇಕು,’ ಎಂದ ಕೆಂಚಯ್ಯ. ಅವನು ಬೆಳ್ಳಮ್ಮನ ತಮ್ಮ; ಕಟ್ಟಾಯದಿಂದ ಮೊದಲ ಬಸ್ಸಿಗೆ ಬರಿ ಹೊಟ್ಟೆಯಲ್ಲಿ ಬಂದಿದ್ದ.

‘ಸುಮ್ನಿರ್ಲಾ ಕೆಂಚ. ನಿಮ್ಮಕ್ಕನ ತಿಥಿ ಕಣ್ಲಾ ಇದು.’

‘ಅಕ್ಕಂದೇ. ಇನ್ನೊಸಿ ಒತ್ತಾದ್ರೆ ನಂದೂ ಒಟ್ಗೇ ಮಾಡ್ಬುಡ್ಬೋದು.’

ಆಗ ಅಳಿಯ ನಂಜುಂಡೇಶ ಮುಂದೆ ಬಂದ. ಚನ್ನರಾಯಪಟ್ಟಣದಲ್ಲಿ ದೋಸೆ ಹಿಟ್ಟಿನ ಪ್ಯಾಕೆಟ್ ಮಾರುವವನು. ಹಾಸನದಲ್ಲಿ ನಡೆದ ಒಂದು ತರಬೇತಿಯಲ್ಲಿ ಯಾರೋ ಮೇಷ್ಟರು, ವ್ಯಾಪಾರ ಮಾಡುವವರು ಓದಲೇಬೇಕೆಂದು ಕೆಲವು ಪುಸ್ತಕಗಳ ಹೆಸರು ಹೇಳಿದ್ದರು. ಪೈಪೋಟಿಯನ್ನು ಗೆಲ್ಲುವ ತಂತ್ರ, ಹೊಸ ಸರಕನ್ನು ದುಂದಿಲ್ಲದೆ ತಯಾರಿಸುವ ಬಗೆ, ಕಂಪ್ಯೂಟರಿನ ಕಾಲದ ವಹಿವಾಟು, ಹೀಗೆ. ನಂಜುಂಡೇಶ ಅಷ್ಟನ್ನೂ ತರಿಸಿ ಓದಿದ. ಅಂದಿನಿಂದ ದೋಸೆ ಹಿಟ್ಟಿಗೆ ಮಾತ್ರವಲ್ಲ, ಮಗುವಿನ ಹಟಕ್ಕೂ ಎಮ್ಮೆಯ ಒದೆತಕ್ಕೂ ಅವನದು ಅದೇ ಶಾಸ್ತ್ರ. ಅತ್ತೆಯ ತಿಥಿಗೂ ಒಂದು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ.

‘ಮಾವ, ಗಿರಾಕಿ ತಗೊಳ್ನಿಲ್ಲ ಅಂದ್ರೆ ತಪ್ಪು ಗಿರಾಕೀದಲ್ಲ, ಸರಕಿಂದು. ಇದ್ರಾಗೇ ಬರದವ್ರೆ.’

‘ಕಾಗೆ ಗಿರಾಕೀನಾ?’

‘ಸದ್ಯಕ್ಕೆ ಅಂಗೇ ಅನ್ಕೊಳಿ. ಒಂದೊಂದೇ ಬದಲಾಯ್ಸಿ ನೋಡಾನ. ಎಲ್ಲಾ ಒಟ್ಗೆ ಬದಲಾಯ್ಸಿದ್ರೆ ಯಾವುದ್ಕೆ ಬಂತು ಅಂತ ಗೊತ್ತಾಗಕಿಲ್ಲ.’

ಮೊದಲು ಪಾಯಸ ತೆಗೆದ. ಕಾಗೆ ಕತ್ತು ಓರೆ ಮಾಡಿತು. ಪಾಯಸ ಇಟ್ಟು ಕಡುಬು ತೆಗೆದ. ಕಾಗೆ ಬೆನ್ನು ತಿರುಗಿಸಿತು. ‘ಅಂಗಡಿ ಜಾಗವೇ ಸರಿಯಿಲ್ದೆ ಇರ್ಬೋದು’ ಎಂದು ಕಡುಬನ್ನೂ ಮತ್ತೆ ಇಟ್ಟು ಎಡೆಯನ್ನು ಬಾವಿಕಟ್ಟೆಗೆ ಸಾಗಿಸಿದ. ಅಲ್ಲಿ ಅಳಿಲೊಂದು ಬಂದು ಹುಳಿಯನ್ನದ ಕಡಲೆಬೀಜ ಹೊತ್ತುಕೊಂಡು ಓಡಿತು.

‘ಇದು ನಮ್ಮ ಗಿರಾಕಿಯಲ್ಲ,’ ಎಂದ ನಂಜುಂಡೇಶ.

‘ಅಳಿಮಯ್ಯ, ಆ ಅಳಿಲಿನ ಪಂಕ್ತೀಲೇ ನಂಗೂ ಒಂದೆಲೆ ಆಕ್ಬುಡಪ್ಪ,’ ಎಂದ ಕೆಂಚಯ್ಯ.

ನಂಜುಂಡೇಶ ಪುಸ್ತಕ ಬಿಚ್ಚಿ ಹಾಳೆ ಮಗುಚಿದ. ‘ಇಲ್ಲೊಂದು ಮಾತೈತೆ ಮಾವ. ಮಾಡೋನು ತನಗೇನಿಷ್ಟವೋ ಅದ್ನೇ ಮಾಡ್ಬುಟ್ಟು, ಗಿರಾಕಿಗೂ ಇದೇ ಇಷ್ಟ ಅನ್ಕೊಂಡಿರ್ತಾನಂತೆ. ಎಡೆಗೆ ಇವೆಲ್ಲಾ ಇಡ್ಬೇಕು ಅಂತ ಏಳಿದ್ದು ಯಾರು?’

‘ನಾನೇ. ಎಲ್ಲಾ ಅವಳಿಗೆ ಇಷ್ಟವಾದ್ದೇ. ಕಡುಬು ಮಾಡ್ದಾಗೆಲ್ಲ ಸಾಕು ಸಾಕು ಅಂದ್ರೂ ಬುಡ್ದಂಗೆ ನಂಗೆ ಬಡಿಸೋಳು.’

‘ಅತ್ತೆ ತಿನ್ನೋರಾ?’

ಅವಳು ಉಣ್ಣುವುದನ್ನು ಕಾಳಯ್ಯ ನೋಡಿಯೇ ಇರಲಿಲ್ಲ. ಬಡಿಸಿ ಅವಳು ಒಳಗೆ ಹೋಗುತ್ತಿದ್ದಳು. ಇವನು ಕೈತೊಳೆದು ಜಪಕ್ಕೆ ಕೂರುತ್ತಿದ್ದ. ದೇವರಿಗೆ ಯಾವ ವಾರ ಯಾವ ನೈವೇದ್ಯ ಪ್ರಿಯವೆಂದು ಕೇಳಿ ತಿಳಿದಿದ್ದವನು, ಅವಳ ನಾಲಗೆಗೆ ಏನು ಪ್ರಿಯವೆಂದು ಒಮ್ಮೆಯೂ ಕೇಳಿರಲಿಲ್ಲ.

‘ಯಮುನಾ, ನಿಮ್ಮವ್ವಂಗೆ ಏನಿಷ್ಟ ಇತ್ತವ್ವ?’

‘ಬ್ಯಾಡ ಬುಡಪ್ಪ,’ ಎಂದಳು ಮಗಳು.

‘ಏಳವ್ವ.’

‘ಬಯ್ಯಕಿಲ್ವಾ?’

‘ಇನ್ ಯಾರ್ನ ಬಯ್ಯಲಿ?’

‘ಕೊಣನೂರು ಬಸ್‌ಸ್ಟ್ಯಾಂಡಿನ ಈರುಳ್ಳಿ ಬೋಂಡ. ಸಂತೆಗೋದಾಗೆಲ್ಲ ತಿನ್ನೋಳು.’

ಕಾಳಯ್ಯ ಚಪ್ಪಲಿ ಮೆಟ್ಟಿದ. ‘ಗಾಡಿ ತೆಗೀರಿ ಅಳಿಯಂದ್ರೆ.’

‘ನಾನೇ ತತ್ತೀನಿ ಮಾವ. ನೀವು ಅದ್ನೆಲ್ಲ ಮುಟ್ಟಕಿಲ್ವಲ್ಲ.’

‘ಎಡೆ ಇಡೋನು ನಾನು. ನಾನೇ ತರ್ಬೇಕು.’

ಬೋಂಡದ ಅಂಗಡಿಯವನಿಗೆ ನಂಜುಂಡೇಶ ಇಂಥವರೆಂದು ಪರಿಚಯ ಹೇಳಿದ್ದೇ ತಡ, ಅವನ ಮುಖ ಅರಳಿತು. ‘ಬೆಳ್ಳಮ್ಮನ ಯಜಮಾನ್ರಾ? ಬನ್ನಿ ಸಾ! ಅವ್ರು ಒಂದು ಇಲ್ಲೇ ತಿಂದು, ಇನ್ನೊಂದ ನಮ್ಮೆಜಮಾನ್ರಿಗೆ ಬಿಸಿಯಾಗಿರೋದು ಕಟ್ಟಪ್ಪ ಅನ್ನೋರು. ನಿಮಗೆ ಪಂಚಪ್ರಾಣ ಅಂತಲ್ಲ ಸಾ?’

ಒಂದು ಬೋಂಡವಾದರೂ ಮನೆ ತಲುಪಿದ್ದು ಕಾಳಯ್ಯನಿಗೆ ಗೊತ್ತಿಲ್ಲ. ಸಂತೆಯಿಂದ ಬಂದವಳು ಹೊರಗೆ ನಿಂತು ಚೆನ್ನಾಗಿ ಬಾಯಿ ಮುಕ್ಕಳಿಸಿಯೇ ಹೊಸಿಲು ದಾಟುತ್ತಿದ್ದುದು ಮಾತ್ರ ಗೊತ್ತಿತ್ತು. ಅದನ್ನು ಅವನು ಮಡಿ ಎಂದುಕೊಂಡು, ನಾಲ್ಕು ಜನರ ಮುಂದೆ ಹೊಗಳಿಯೂ ಇದ್ದ.

‘ಊಂ, ಪಂಚಪ್ರಾಣ,’ ಎಂದು ಕಾಳಯ್ಯ ಸುಳ್ಳು ಹೇಳಿದ. ‘ಎರಡು ಕಟ್ಟಪ್ಪ.’

ಮನೆಗೆ ಬಂದು ಎರಡನ್ನೂ ಎಡೆಗಿಟ್ಟು ಕೈಮುಗಿಯುವಷ್ಟರಲ್ಲಿ ಕಾಗೆ ಇಳಿಯಿತು. ಕಡುಬನ್ನು ತುಳಿದುಕೊಂಡೇ ಹೋಗಿ ಒಂದು ಬೋಂಡವನ್ನು ಕಚ್ಚಿಕೊಂಡು ಮರಕ್ಕೆ ಹಾರಿತು.

‘ನೋಡಿದ್ರಾ ಮಾವ, ಪುಸ್ತಕದಾಗೆ...’ ಎಂದು ನಂಜುಂಡೇಶ ಶುರುಮಾಡಿದ.

‘ಪುಸ್ತಕ ಮಡಗಿ ಎಲೆ ಆಕ್ರಪ್ಪೋ!’ ಎಂದು ಕೂಗುತ್ತ ಕೆಂಚಯ್ಯ ಒಳಗೆ ಓಡಿದ.

ಕಾಳಯ್ಯ ಕದಲಲಿಲ್ಲ. ಉಳಿದ ಬೋಂಡ ತನ್ನ ಹೆಸರಿನಲ್ಲಿ ಅವಳು ಕಟ್ಟಿಸುತ್ತಿದ್ದ ಪಾಲು. ವ್ರತ ಕೆಟ್ಟರೂ ಸರಿ, ಇವತ್ತು ತಿಂದುಬಿಡಬೇಕೆಂದು ಕೈ ಚಾಚಿದ. ಕಾಗೆ ಮತ್ತೆ ಬಂತು. ಅವನ ಬೆರಳ ಪಕ್ಕದಿಂದಲೇ ಅದನ್ನೂ ಎತ್ತಿಕೊಂಡು ಹೋಯಿತು.

ವರ್ಷದಿಂದ ನಗದಿದ್ದ ಕಾಳಯ್ಯ ಬಾವಿಕಟ್ಟೆ ಹಿಡಿದುಕೊಂಡು ನಕ್ಕ. ಏನಾಯಿತೆಂದು ಯಮುನಾ ಓಡಿ ಬಂದಳು.

‘ನನ್ನ ಪಾಲೂ ತಿಂದ್ಬುಟ್ಲು ಕಣವ್ವ,’ ಎಂದ. ‘ಬಂದಿರೋಳು ಅವಳೇಯ. ಅನುಮಾನವೇ ಇಲ್ಲ.’