ಹಲ್ಲಲ್ಲಿ ಕಡಿದ ದಾರ

ಕಿಟಕಿಯ ಪಕ್ಕದ ಮೊಳೆಯಲ್ಲಿ ಒಂದು ಕೋಟು ತೂಗುತ್ತಿತ್ತು. ಮಳೆ ನಿಂತ ಮೇಲಿನ ಆಕಾಶದ ಬೂದು ಬಣ್ಣದ ಉಣ್ಣೆಬಟ್ಟೆ. ಬಲತೋಳು ಕೂಡಿಸಿಯಾಗಿತ್ತು, ಎಡತೋಳು ಇನ್ನೂ ಇರಲಿಲ್ಲ. ತೋಳಿಲ್ಲದ ಆ ತೆರೆದ ಬಾಯಿಯ ಸುತ್ತ ಬಿಳಿಯ ಕಚ್ಚಾ ಹೊಲಿಗೆ ಇರುವೆಸಾಲಿನಂತೆ ಬಳಸಿತ್ತು. ಕೆಳಗೆ ಬಟ್ಟೆ ಕತ್ತರಿಸುವ ಮೇಜು. ಮೂವತ್ತು ವರ್ಷ ಒಂದೇ ಸೊಂಟ ಒರಗಿ ಒರಗಿ ಅದರ ಅಂಚು ಒಂದೆಡೆ ಮಾತ್ರ ಬಣ್ಣ ಬಿಟ್ಟು ನುಣುಪಾಗಿತ್ತು. ಮೇಲೆ, ಸವೆದು ಎಲೆಯಷ್ಟು ತೆಳುವಾದ, ಗೆರೆ ಎಳೆಯುವ ಸುಣ್ಣದ ಬಿಲ್ಲೆ, ಸುರುಳಿ ಸುತ್ತಿಟ್ಟ ಅಳತೆ ಟೇಪು, ಗುಂಡುಸೂಜಿಯ ಮೆತ್ತೆ. ಬೆಳಗಿನ ಬಿಸಿಲು ಮೊದಲು ಕಾಲರನ್ನು ಮುಟ್ಟಿತು; ಆಮೇಲೆ, ಇಲ್ಲದ ತೋಳಿನ ಜಾಗದಲ್ಲಿ ಕೊಂಚ ಹೊತ್ತು ಯೋಚಿಸುವಂತೆ ನಿಂತು, ನೆಲಕ್ಕಿಳಿಯಿತು.

ಕೋಟು ಟೈಲರಮ್ಮನ ನಾದಿನಿಯದು. ಟೈಲರಮ್ಮ ಮದುವೆಯಾಗಿ ಆ ಮನೆಗೆ ಬಂದಾಗ ಒಂಬತ್ತು ವರ್ಷದ ಹುಡುಗಿ ಹೊಲಿಗೆಯಂತ್ರದ ಕೆಳಗೆ ಕೂತು ಚಿಂದಿ ಹೆಕ್ಕುತ್ತಿತ್ತು. ಅಂದಿನಿಂದ ಅವಳು ಗುಬ್ಬಿ. ಈಗ ಐವತ್ತು ದಾಟಿ, ಕನ್ನಡಕವೂ ಮೈತೂಕವೂ ಬಂದಿದ್ದರೂ ಗುಬ್ಬಿಯೇ. ಹದಿನಾಲ್ಕು ತಿಂಗಳ ಹಿಂದೆ ಒಂದೇ ಚೀಲ ಹಿಡಿದು, ಹದಿನೈದು ದಿನಕ್ಕೆಂದು ಬಂದಿದ್ದಳು. ಆಗ ಟೈಲರಮ್ಮ ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದರು. ಆರು ವರ್ಷದ ಹಿಂದೆ ಎದೆಯಿಂದ ತೆಗೆಸಿಹಾಕಿದ್ದ ಕ್ಯಾನ್ಸರು, ಹೊರಗಟ್ಟಿದ ಬಾಡಿಗೆದಾರ ಹಿಂಬಾಗಿಲಿಂದ ನುಸುಳಿದಂತೆ, ಬೆನ್ನಿನ ಮತ್ತು ಸೊಂಟದ ಮೂಳೆಗಳಲ್ಲಿ ಬಿಡಾರ ಹೂಡಿತ್ತು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ.

"ನೀವೆದ್ದು ನಿಂತು ನನಗೊಂದು ಕೋಟು ಹೊಲಿದುಕೊಡಿ ಅತ್ತಿಗೆ, ಹೊರಟುಬಿಡ್ತೀನಿ," ಎಂದು ಗುಬ್ಬಿ ಚೀಲವನ್ನು ಮಂಚದ ಕೆಳಗೆ ತಳ್ಳಿದ್ದಳು. ತನ್ನೂರಿನ ಶಾಲೆಯ ಗ್ರಂಥಾಲಯದ ಕೆಲಸಕ್ಕೆ ರಜೆಯ ಮೇಲೆ ರಜೆ ಹಾಕಿದ್ದಳು. ಗಂಡ ಅಲ್ಲಿ ಒಬ್ಬನೇ ಅಡುಗೆ ಕಲಿಯುತ್ತಿದ್ದ. "ಮೂರು ಥರ ಮಾಡ್ತಾರಂತೆ. ಮೂರೂ ಬೇಯಿಸಿದ್ದೇ," ಎಂದು ನಗುತ್ತಿದ್ದಳು.

ಕ್ಯಾನ್ಸರಿನ ಮಾತ್ರೆಗಳ ಜೊತೆಗೆ, ತಿಂಗಳಿಗೊಮ್ಮೆ ಮೂಳೆಗೆ ಬಲ ಕೊಡುವ ಡ್ರಿಪ್. ಅಂಗೈಯಗಲದ ಚೀಲ, ಕಾಲು ಗಂಟೆಯ ಕೆಲಸ. ಮೊದಲ ಸಲ ಎರಡು ದಿನ ಜ್ವರ ಬಂದು ಕೀಲುಕೀಲೂ ನೊಂದಿತ್ತು.

"ಇಸ್ತ್ರಿಪೆಟ್ಟಿಗೆ ಕೆಳಗೆ ಸಿಕ್ಕಿದ ಹಾಗಾಯ್ತು ಕಣೇ."

"ಸುಕ್ಕು ಹೋಗಿದ್ರೆ ಸಾರ್ಥಕ," ಎಂದಿದ್ದಳು ಗುಬ್ಬಿ.

ಮೂರನೆಯ ತಿಂಗಳಿಗೆ ಟೈಲರಮ್ಮ ಎದ್ದು ಕೂತರು. ಆರನೆಯದಕ್ಕೆ ಗೋಡೆ ಹಿಡಿದು ನಿಂತರು. ಹನ್ನೆರಡನೆಯದಕ್ಕೆ ಮೇಜಿನ ನುಣುಪಾದ ಅಂಚಿಗೆ ಮತ್ತೆ ಸೊಂಟ ಒರಗಿಸಿ, ಬೂದುಬಟ್ಟೆಯ ಮೇಲೆ ಮೊದಲ ಗೆರೆ ಎಳೆದರು. ಡ್ರಿಪ್ ಮುಗಿದಾಗಲೆಲ್ಲ ಖಾಲಿ ಚೀಲಕ್ಕೆ ಕೈಮುಗಿಯುವುದು ಅವರ ರೂಢಿಯಾಯಿತು. "ಚುಚ್ಚಿದವಳಿಗೂ ಒಂದು ಇರಲಿ ಅಮ್ಮ," ಎಂದು ನರ್ಸ್ ತಮಾಷೆ ಮಾಡಿದ ಮೇಲೆ ಅವಳಿಗೂ.

ಡಾಕ್ಟರು ಶುರುವಿನಲ್ಲೇ ಹೇಳಿದ್ದರು: ಈ ಔಷಧಿಯಿಂದ ಮೂತ್ರಪಿಂಡಕ್ಕೆ ಶ್ರಮವಾಗಬಹುದು, ಅದಕ್ಕೇ ಪ್ರತಿ ಸಲ ರಕ್ತಪರೀಕ್ಷೆ, ಕ್ಯಾಲ್ಸಿಯಂ ಇಳಿಯಬಹುದು, ಅದಕ್ಕೇ ದಿನವೂ ಮಾತ್ರೆ. ಇನ್ನೊಂದು ಅಪರೂಪದ್ದು. ಹಲ್ಲು ಕೀಳಿಸಿಕೊಂಡರೆ ಕೆಲವರಿಗೆ ದವಡೆಯ ಮೂಳೆ ಮಾಯದೆ ಉಳಿಯುತ್ತದೆ. "ಹಲ್ಲು ನೋವು ಅಂದ್ರೆ ಮೊದಲು ನನಗೆ ಹೇಳಿ." ಟೈಲರಮ್ಮ ತಲೆಯಾಡಿಸಿದ್ದರು. ಅವರ ಹಲ್ಲು ಆಗ ಗಟ್ಟಿಯಾಗಿತ್ತು.

ಆ ಬೆಳಿಗ್ಗೆ, ಬಿಸಿಲು ಕೋಟನ್ನು ದಾಟಿದ ಹೊತ್ತಿಗೆ, ಗುಬ್ಬಿ ಗುಂಡಿ ಹೊಲಿಯಲು ಕೂತು ಬಲತೋಳಿನ ಅಸ್ತರನ್ನು ಮಗುಚಿದಳು. ಕನ್ನಡಕವನ್ನು ಹಣೆಗೇರಿಸಿ ಮೂಗಿನ ಹತ್ತಿರ ಹಿಡಿದಳು.

"ಅತ್ತಿಗೆ, ಇದನ್ನ ಯಾರು ಹೊಲಿದಿದ್ದು?"

"ನಿಮ್ಮಜ್ಜಿ ಬಂದು ಹೊಲಿದುಹೋದ್ರು. ಯಾಕೆ?"

"ದಾರದ ತುದಿ ನೋಡಿ. ಕತ್ತರೀಲಿ ಕತ್ತರಿಸಿದೆ."

ಟೈಲರಮ್ಮನ ಕೈ ಮೇಜಿನ ಮೇಲೆ ನಿಂತಿತು. ಕತ್ತರಿ ಬಟ್ಟೆಗೆ, ಹಲ್ಲು ದಾರಕ್ಕೆ: ಇದು ಅವರು ಮೊದಲ ಸೂಜಿ ಹಿಡಿದ ದಿನದಿಂದ ಪಾಲಿಸಿಕೊಂಡು ಬಂದ ಶಾಸ್ತ್ರ. ಅವರು ಹೊಲಿದ ಬಟ್ಟೆಯೊಳಗಿನ ಪ್ರತಿ ದಾರದ ತುದಿಯೂ ಪುಟ್ಟ ಕುಂಚದ ಹಾಗೆ ಬಿರಿದುಕೊಂಡಿರುತ್ತಿತ್ತು. ಈ ತೋಳಿನ ತುದಿಗಳು ಮಾತ್ರ ಕ್ಷೌರ ಮಾಡಿಸಿಕೊಂಡಂತೆ ಚೊಕ್ಕಟವಾಗಿದ್ದವು.

"ಇಷ್ಟು ವರ್ಷ ನಾನು ಬೈದ್ರೂ ಬಿಡದೇ ಇದ್ದದ್ದನ್ನ ಈಗ ಬಿಟ್ಟಿದೀರ. ಬಾಯಿ ತೆಗೀರಿ."

"ನಾನೇನು ಕುದುರೆಯೇನೆ, ಹಲ್ಲು ನೋಡಿ ಕೊಂಡ್ಕೊಳ್ಳೋಕೆ?"

"ಬಾಯಿ ತೆಗೀರಿ ಅಂದೆ."

ತೆಗೆದರು. ಎಡಗಡೆಯ ಕೆಳದವಡೆಯ ಹಲ್ಲಿನ ಒಂದು ಮೂಲೆ ಹಾರಿಹೋಗಿತ್ತು. ಉಳಿದದ್ದು ಕಪ್ಪಗಾಗಿ, ಸುತ್ತ ವಸಡು ಉಬ್ಬಿತ್ತು.

"ಎಷ್ಟು ದಿನದಿಂದ?"

"ಏಳು ವಾರ."

"ಏಳು ವಾರ! ಅಂದ್ರೆ ಹೋದ ತಿಂಗಳು ಡಾಕ್ಟರ ಮುಂದೆ ಹಲ್ಲು ಕಿರಿದು 'ಎಲ್ಲ ಚೆನ್ನಾಗಿದೆ' ಅಂದಿದ್ದು ಇದನ್ನ ಇಟ್ಕೊಂಡೇನಾ? ಇವತ್ತು ಡ್ರಿಪ್ಪಿಗೆ ಹೋದಾಗಲೂ ಅದನ್ನೇ ಹೇಳೋರಿದ್ರಾ?"

ಟೈಲರಮ್ಮ ಸುಣ್ಣದ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿದರು. "ಹೇಳಿದ್ರೆ ಡ್ರಿಪ್ ನಿಲ್ಲಿಸ್ತಾರೆ. ನಿಲ್ಲಿಸಿದ್ರೆ ನಾನು ಮತ್ತೆ ಅಲ್ಲಿ," ಎಂದು ಮಂಚದ ಕಡೆ ಕಣ್ಣು ಹಾಯಿಸಿದರು. "ನಾನು ಅಲ್ಲಿ ಬಿದ್ರೆ ನೀನು ಇಲ್ಲೇ. ನಿನಗೂ ಒಂದು ಮನೆ ಇದೆಯಲ್ಲೇ ಗುಬ್ಬಿ. ಮಲಗಿರೋದು ನನಗೆ ಅಭ್ಯಾಸ ಆಗಿದೆ. ನಿನ್ನ ಕಟ್ಟಿಹಾಕೋದು ನನ್ನ ಕೈಲಾಗಲ್ಲ."

ಗುಬ್ಬಿ ತೋಳಿನ ಅಸ್ತರನ್ನು ಮತ್ತೆ ಒಳಕ್ಕೆ ಮಗುಚಿದಳು. ಹಣೆಯ ಮೇಲಿದ್ದ ಕನ್ನಡಕ ತಾನಾಗಿ ಮೂಗಿಗೆ ಜಾರಿತು.

"ನಾನು ಯಾವಾಗ ಹೋಗಬೇಕು ಅಂತ ನಿಮ್ಮ ಹಲ್ಲು ತೀರ್ಮಾನ ಮಾಡೋದು ಬೇಡ," ಎಂದಳು. "ನಡೀರಿ."

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು; ಮಾತಾಡುವಾಗ ಪೆನ್ನು ಕೆಳಗಿಡುವವರು. ಟಾರ್ಚು ಹಿಡಿದು ಬಾಯಿ ನೋಡಿದರು.

"ಒಳ್ಳೇದಾಯ್ತು ಹೇಳಿದ್ದು."

"ನಾನು ಹೇಳಲಿಲ್ಲ ಡಾಕ್ಟ್ರೆ. ದಾರ ಚಾಡಿ ಹೇಳ್ತು."

ವಿಷಯ ತಿಳಿದು ಡಾಕ್ಟರು ನಕ್ಕರು. ಆಮೇಲೆ ಪೆನ್ನು ಕೆಳಗಿಟ್ಟರು. "ನೋಡಿ, ಎರಡು ಭಯ ಇದೆ. ಡ್ರಿಪ್ ಪೂರ್ತಿ ಬಿಟ್ರೆ ಮೂಳೆ ಮುರಿಯೋ ಭಯ. ಹುಳುಕು ಹಲ್ಲಿಟ್ಟುಕೊಂಡು ತಗೊಳ್ತಾ ಹೋದ್ರೆ ದವಡೆ ಕೆಡೋ ಭಯ. ಮೊದಲನೇದು ದೊಡ್ಡದು. ಎರಡನೇದು ಅಪರೂಪ, ಆದ್ರೆ ಬಂದ್ರೆ ಬೇಗ ಹೋಗಲ್ಲ. ಎರಡನ್ನೂ ತೂಗಿ ಹೇಳ್ತೀನಿ. ಇವತ್ತು ಡ್ರಿಪ್ ಬೇಡ."

ಟೈಲರಮ್ಮ ಕುರ್ಚಿಯ ಕೈ ಹಿಡಿದುಕೊಂಡರು. ಏಳು ವಾರ ನಿದ್ದೆಗೆಡಿಸಿದ್ದ ಮಾತು ಅದೇ.

"ಮೊದಲು ಹಲ್ಲಿನ ಡಾಕ್ಟರ ಹತ್ರ ಹೋಗಿ. ಕೀಳೋದು ಬೇಡ, ಬೇರು ತೊಳೆದು ಮೇಲೆ ಕ್ಯಾಪು, ಟೋಪಿ ಥರ, ಹಾಕೋಕೆ ಆಗುತ್ತಾ ಅಂತ ಕೇಳಿ ಪತ್ರ ಕೊಡ್ತೀನಿ. ಅದು ಮಾದ ಮೇಲೆ ಮತ್ತೆ ಡ್ರಿಪ್. ಇನ್ನು ಮೇಲೆ ತಿಂಗಳಿಗೊಂದಲ್ಲ, ಮೂರು ತಿಂಗಳಿಗೊಂದು ಸಾಕು."

"ಅಲ್ಲೀವರೆಗೆ ನಾನು ನಿಂತಿರ್ತೀನಾ?"

"ಈ ಔಷಧಿ ಬಸ್ಸಿನ ಪ್ರಯಾಣಿಕ ಅಲ್ಲ ಅಮ್ಮ, ಮುಂದಿನ ನಿಲ್ದಾಣದಲ್ಲಿ ಇಳಿದುಹೋಗೋಕೆ. ಮೂಳೆಯೊಳಗೆ ಬಹಳ ಕಾಲ ಕೂತಿರುತ್ತೆ."

"ಅಸ್ತರಿನ ಹಾಗೆ," ಎಂದರು ಟೈಲರಮ್ಮ ಮೆಲ್ಲಗೆ. "ಹೊರಗೆ ಕಾಣಲ್ಲ. ಬಟ್ಟೆ ನಿಂತಿರೋದು ಅದರಿಂದಲೇ."

ಅವರ ಕಣ್ಣಲ್ಲಿ ನೀರು ಬಂತು, ನೋವಿಗಲ್ಲ. ಒಂದು ಪ್ರಶ್ನೆ ಕೇಳಿದ್ದರೆ ತೀರುತ್ತಿದ್ದ ಭಯವನ್ನು ಹಲ್ಲಿನ ಕೆಳಗಿಟ್ಟುಕೊಂಡು ಅಗಿಯುತ್ತ ಕೂತಿದ್ದೆನಲ್ಲ ಎಂದು ನಗು, ಅಳು ಎರಡೂ ಒಟ್ಟಿಗೆ ಬಂದವು. ಅಂದು ಡ್ರಿಪ್ ಇಲ್ಲದಿದ್ದರೂ ಹೊರಡುವ ಮುನ್ನ ಅವರು ಕೈಮುಗಿದರು: ಡಾಕ್ಟರಿಗೆ, ಬಾಗಿಲಲ್ಲಿ ಸಿಕ್ಕ ನರ್ಸಿಗೆ, ಕಾರಿಡಾರಿನಲ್ಲಿ ಸಿಡುಕುಮೋರೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದ ಗುಬ್ಬಿಗೆ. "ಸಾಕು, ದೇವರು ಮಾಡಬೇಡಿ ನನ್ನ," ಎಂದಳು ಅವಳು.

ಹಲ್ಲಿನ ಡಾಕ್ಟರದು ದೊಡ್ಡ ಕೈ, ಹಗುರ ಮುಟ್ಟು. "ಏನು ಕಡಿದ್ರಿ ಇದ್ರಲ್ಲಿ?"

"ದಾರ."

"ಎಷ್ಟು?"

"ಊರಿಗೆ ಎರಡು ಸುತ್ತು ಬರುವಷ್ಟು."

ಹಲ್ಲು ಕೀಳಲಿಲ್ಲ. ಮೂರು ಸಲ ಕೂರಿಸಿ, ಬೇರು ತೊಳೆದು, ಟೋಪಿ ತೊಡಿಸಿದರು. ಇನ್ನು ದಾರ ಬಾಯಿಯ ಹತ್ತಿರ ಬರಕೂಡದೆಂದರು. ಗುಬ್ಬಿ ಒಂದು ಪುಟ್ಟ ಕತ್ತರಿಗೆ ಹಳೆಯ ಅಳತೆ ಟೇಪಿನ ತುಂಡು ಕಟ್ಟಿ, ಶಾಲೆಯ ಮಗುವಿಗೆ ಗುರುತಿನ ಚೀಟಿ ಹಾಕುವಂತೆ ಅತ್ತಿಗೆಯ ಕೊರಳಿಗೆ ಹಾಕಿದಳು.

ವಸಡು ಮಾಯಲು ಆರು ವಾರ ಬೇಕಾಯಿತು. ಆ ಆರು ವಾರವೂ ಟೈಲರಮ್ಮ ಪ್ರತಿ ಬೆಳಿಗ್ಗೆ ಅಳುಕುತ್ತಲೇ ಮಂಚದಿಂದ ಕಾಲಿಳಿಸಿದರು. ಪ್ರತಿ ಬೆಳಿಗ್ಗೆಯೂ ಕಾಲುಗಳು ನಿಂತವು. ಆಮೇಲಿನ ಡ್ರಿಪ್ಪಿಗೆ ಜ್ವರವೂ ಬರಲಿಲ್ಲ. ಬೇನೆ ಹೋಗಿರಲಿಲ್ಲ, ಹೋಗುವುದೆಂದು ಯಾರೂ ಹೇಳಲಿಲ್ಲ. ಆದರೆ ಎಡತೋಳು ಕೋಟಿಗೆ ಸೇರಿತು.

ಹೊರಡುವ ದಿನ ಗುಬ್ಬಿ ಕೋಟು ತೊಟ್ಟು ಚೀಲ ಹಿಡಿದಳು. ಎಡತೋಳಿನ ಅಂಚಿನಲ್ಲಿ ಎರಡು ಹೊಲಿಗೆ ಬಾಕಿ ಉಳಿದಿತ್ತು. ಬಾಗಿಲ ಬಳಿಯೇ ಟೈಲರಮ್ಮ ಅವಳ ಮಣಿಕಟ್ಟು ಹಿಡಿದು ಹೊಲಿದರು, ಗಂಟು ಹಾಕಿದರು. ಅಭ್ಯಾಸಬಲದಿಂದ ಬಾಯಿ ದಾರದತ್ತ ಬಾಗಿತು.

"ಅತ್ತಿಗೆ! ಬಾಯಿ!"

ಕೊರಳು ತಡವಿದರು. ಕತ್ತರಿ ಮೇಜಿನ ಮೇಲೆ ಉಳಿದಿತ್ತು. ತರಲು ತಿರುಗುವಷ್ಟರಲ್ಲಿ ಗುಬ್ಬಿ ತೋಳನ್ನು ತಾನೇ ಬಾಯಿಗೆತ್ತಿ, ದಾರವನ್ನು ಕಟಕ್ಕನೆ ಕಡಿದಳು.

"ಥೂ! ಇಷ್ಟು ವರ್ಷ ಇದನ್ನಾ ಸವೀತಿದ್ರಿ?"

"ದಾರದ ರುಚಿ ಗುಬ್ಬಿಗೇನು ಗೊತ್ತು. ಹೋಗು, ನಿನ್ನ ಗಂಡ ನಾಲ್ಕನೇದನ್ನೂ ಬೇಯಿಸೋದ್ರೊಳಗೆ ಹೋಗು."

"ಮುಂದಿನ ಡ್ರಿಪ್ಪಿಗೆ ಬರ್ತೀನಿ. ಅವತ್ತು ಬಾಯಿ ನೋಡೇ ನೋಡ್ತೀನಿ." ಹೊಸ್ತಿಲಲ್ಲಿ ತಿರುಗಿದಳು. "ಕೂತ್ಕೊಳ್ಳಿ ಅತ್ತಿಗೆ, ಎಷ್ಟು ಹೊತ್ತು ನಿಂತಿರ್ತೀರ?"

"ನಿಂತಿರ್ತೀನಿ ಬಿಡೇ. ನೀನೇ ತಾನೇ ನಿಲ್ಲಿಸಿದ್ದು."

ಗುಬ್ಬಿ ಹೊಸ ತೋಳಿನಿಂದ ಮೂಗೊರಸಿಕೊಂಡು ಮೆಟ್ಟಿಲ ಕಡೆ ಹೆಜ್ಜೆ ಇಟ್ಟಳು, ಮತ್ತು ಅವಳ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.